ಶೇರ್ ಫೋಲ್ಡರ್ ತುಂಬಾ ಸ್ಲೋ: ಅನುಭವ ಇದ್ದವರು ಹೇಳಿ

ಕೊಡಿಯಾಲ್‌ಬೈಲ್ ತೆರಿಗೆ ಆಫೀಸು:
ನಮ್ಮದು ಚಿಕ್ಕ ಆಫೀಸು. ಕ್ಲೈಂಟ್‌ಗಳ ಫೈಲ್ ಎಲ್ಲಾ ಸರ್ವರಿನ ಶೇರ್ ಫೋಲ್ಡರಿನಲ್ಲಿ ಉಂಟು. ಕಳೆದ ತಿಂಗಳು ಸರ್ವರ್ ಬದಲಾಯಿಸಿದೆವು. ಅಂದಿನಿಂದ ಅಕೌಂಟ್ಸ್ ಮೇಡಂ ಅವರ ಒಂದೇ ಕಂಪ್ಯೂಟರಿನಲ್ಲಿ ತೊಂದರೆ. ಫೋಲ್ಡರ್ ಕ್ಲಿಕ್ ಮಾಡಿದರೆ ಮೇಲೆ ಹಸಿರು ಪಟ್ಟಿ ಮೆಲ್ಲ ಸರಿಯುತ್ತಾ ಇರುತ್ತದೆ, ಅರ್ಧ ನಿಮಿಷ ಏನೂ ಇಲ್ಲ. ತೆರೆದ ಮೇಲೆ ಕಾಪಿ, ಪೇಸ್ಟ್ ಎಲ್ಲಾ ಬೇಗ ಆಗುತ್ತದೆ. ಇಂಟರ್‌ನೆಟ್ ಚೆನ್ನಾಗಿದೆ. ಉಳಿದವರಿಗೆ ಎಂತ ತೊಂದರೆಯೂ ಇಲ್ಲ. ರಿಟರ್ನ್ ಹಾಕುವ ಸಮಯ, ಮೇಡಂ ಅಳುವುದೊಂದು ಬಾಕಿ. ಯಾರಿಗಾದರೂ ಹೀಗೆ ಆಗಿದೆಯಾ?

ಬಂದರು ಕ್ಲಿಯರಿಂಗ್:
ಕೇಬಲ್ ನೋಡಿ ಮಾರಾಯ್ರೇ. ಎಲ್ಲರೂ ಸುಮ್ನೆ ಸಾಫ್ಟ್‌ವೇರ್ ಹಿಂದೆ ಓಡುತ್ತಾರೆ. ನಮ್ಮದು ಹಳೆ ಬಂದರಿನ ಕಟ್ಟಡ. ಉಪ್ಪು ಗಾಳಿ, ಮಳೆಗಾಲ ಬಂದರೆ ಗೋಡೆ ಪೂರ್ತಿ ಒದ್ದೆ. ಒಂದು ಸ್ಕ್ಯಾನ್ ಕಾಪಿ ತೆರೆಯುವಷ್ಟರಲ್ಲಿ ಚಾ ತಣ್ಣಗಾಗುತ್ತಿತ್ತು. ಎಎಂಸಿಯವರು (ವರ್ಷದ ಲೆಕ್ಕದಲ್ಲಿ ಕಂಪ್ಯೂಟರ್ ರಿಪೇರಿ ನೋಡಿಕೊಳ್ಳುವವರು) ಬಂದು ಫಾರ್ಮ್ಯಾಟ್ ಮಾಡಿದರು, 800 ರೂಪಾಯಿ. ರ‍್ಯಾಮ್ ಸಾಲದು ಎಂದರು, 2,200. ಆಮೇಲೆ ಎಸ್‌ಎಸ್‌ಡಿ ಎಂದರು, 3,400. ಒಟ್ಟು 6,400 ಹೋಯಿತು, ಸ್ಲೋ ಹಾಗೇ ಉಳಿಯಿತು. ಕೊನೆಗೆ ನಾನೇ ನೆಟ್‌ವರ್ಕ್ ಸ್ಟೇಟಸ್ ತೆರೆದು ನೋಡಿದೆ. 1 ಜಿಬಿಪಿಎಸ್ ಇರಬೇಕಾದಲ್ಲಿ 100 ಎಂಬಿಪಿಎಸ್! ಗಿಗಾಬಿಟ್‌ಗೆ ಕೇಬಲಿನ ನಾಲ್ಕೂ ಜೊತೆ ತಂತಿ ಬೇಕು. ಒಂದು ಜೊತೆ ಕೈಕೊಟ್ಟರೆ 100ಕ್ಕೆ ಇಳಿಯಬಹುದು. ಸೆಕೆಂಡಿಗೆ 110 ಎಂಬಿ ಹತ್ತಿರ ಹೋಗಬೇಕಾದ ಫೈಲು 11ರಲ್ಲಿ ತೆವಳುತ್ತಿತ್ತು. ಪ್ಲಗ್ ಕಿತ್ತು ಕಿಟಕಿ ಬೆಳಕಿಗೆ ಹಿಡಿದೆ. ಎಂಟು ಪಿನ್ನಿನಲ್ಲಿ ಎರಡಕ್ಕೆ ಹಸಿರು ಕಿಲುಬು ಹಿಡಿದಿತ್ತು. ಹೊಸ ಪ್ಲಗ್ಗಿಗೆ 15 ರೂಪಾಯಿ. ಆ 6,400 ನೆನೆಸಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಣಿಪಾಲ ಫೋಟೋ ಲ್ಯಾಬ್:
ಕೇಬಲ್ ಪೂರ್ತಿ ಹೊಸದು ಹಾಕಿದ್ದೆವು, ಆದರೂ ಸ್ಲೋ ಇತ್ತು. ಹಾಗಾಗಿ ಎಲ್ಲದಕ್ಕೂ ಕೇಬಲ್ ಎನ್ನಬೇಡಿ. ಒಂದು ಮದುವೆಯ ಫೋಲ್ಡರ್ ಎಂದರೆ ಸಾವಿರಗಟ್ಟಲೆ ಫೋಟೋ. ತೆರೆದ ಕೂಡಲೇ ವಿಂಡೋಸ್ ಒಂದೊಂದರದ್ದೂ ಚಿಕ್ಕ ಚಿತ್ರ ಮಾಡಲು ಕೂರುತ್ತದೆ. ಅದಕ್ಕೆ ಪ್ರತಿ ಫೈಲನ್ನೂ ನೆಟ್‌ವರ್ಕಿನ ಮೇಲೆ ಓದಬೇಕು. ಫೋಲ್ಡರಿನ ಪ್ರಾಪರ್ಟೀಸ್, ಕಸ್ಟಮೈಸ್, ಅಲ್ಲಿ 'ಜನರಲ್ ಐಟಮ್ಸ್' ಮಾಡಿದ್ದಕ್ಕೇ ಅರ್ಧ ಕಾಯಿಲೆ ಹೋಯಿತು.

ಉಳಿದ ಅರ್ಧಕ್ಕೆ ನಾಸ್ ತಗೊಂಡೆ, ಅಂದರೆ ನೆಟ್‌ವರ್ಕಿಗೆ ನೇರ ಜೋಡಿಸಿ ಎಲ್ಲರೂ ಫೈಲ್ ಇಡುವ ಡಿಸ್ಕಿನ ಬಾಕ್ಸ್. ಬಾಕ್ಸ್ 21,500. 4 ಟಿಬಿಯ ಎರಡು ಡಿಸ್ಕ್, ಒಂದಕ್ಕೆ 9,800. ಅಂಗಡಿಯವರು ಕೊಟ್ಟದ್ದು ಎಸ್‌ಎಂಆರ್ ಡಿಸ್ಕ್. ಅದರಲ್ಲಿ ಡೇಟಾ ಬರೆಯುವ ಟ್ರ್ಯಾಕುಗಳು ಮಾಡಿನ ಹಂಚಿನ ಹಾಗೆ ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಒಂದನ್ನು ಬದಲಾಯಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು. ದೊಡ್ಡ ಕಾಪಿ ಶುರು ಮಾಡಿದರೆ ಮೊದಲು ಜೋರಾಗಿ ಹೋಗಿ ಮತ್ತೆ ನೆಲ ಕಚ್ಚುತ್ತಿತ್ತು. ಸೀಲ್ ಒಡೆದಿದೆ ಎಂದು ವಾಪಸ್ ತಗೊಳ್ಳಲಿಲ್ಲ. ಮತ್ತೆ ಟ್ರ್ಯಾಕುಗಳು ಹೀಗೆ ಹತ್ತಿ ಕೂರದ ಸಿಎಂಆರ್ ಡಿಸ್ಕ್ ಎರಡು, 11,200ರಂತೆ. ಕೂಡಿಸಿ ನೋಡಿ, 63,500. ಆದರೆ ಈಗ ಸೀಸನ್ನಿನಲ್ಲಿ ನಾಲ್ಕು ಜನ ಒಟ್ಟಿಗೆ ಕೂತು ಆಲ್ಬಮ್ ಮಾಡುತ್ತಾರೆ, ಯಾರೂ ಯಾರಿಗೂ ಕಾಯುವುದಿಲ್ಲ. ಆ ದುಡ್ಡಿನ ಬಗ್ಗೆ ನನಗೆ ಬೇಸರ ಇಲ್ಲ.

ಕುಂದಾಪುರ ದಸ್ತಾವೇಜು:
ಇಷ್ಟೆಲ್ಲಾ ಖರ್ಚು ಯಾಕೆ? ವಿಂಡೋಸ್ ಫೀಚರ್ಸ್‌ಗೆ ಹೋಗಿ ಎಸ್‌ಎಂಬಿ 1 (ಫೈಲ್ ಶೇರ್ ಮಾಡುವ ಹಳೆ ವ್ಯವಸ್ಥೆ) ಟಿಕ್ ಹಾಕಿ, ರೀಸ್ಟಾರ್ಟ್ ಕೊಡಿ. ನಮ್ಮ ಹಳೆ ಜೆರಾಕ್ಸ್ ಮೆಷಿನ್ನಿನ ಸ್ಕ್ಯಾನ್ ಶೇರ್ ಫೋಲ್ಡರಿಗೆ ಬೀಳುತ್ತಲೇ ಇರಲಿಲ್ಲ. ಹೊಸ ಮೆಷಿನ್ ತಗೊಳ್ಳಿ ಎಂದು 1,10,000ದ ಕೊಟೇಷನ್ ಕೊಟ್ಟಿದ್ದರು. ಒಂದು ಟಿಕ್ಕಿನಲ್ಲಿ ಕೆಲಸ ಆಯಿತು.

ಉಡುಪಿ ಸಿಸ್ಟಮ್ಸ್:
ದಯವಿಟ್ಟು ಯಾರೂ ಇದನ್ನು ಮಾಡಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಜಗತ್ತಿಡೀ ಹರಡಿದ್ದು ಇದೇ ಎಸ್‌ಎಂಬಿ 1ರ ತೂತಿನಿಂದ. ಆ ತೂತು ಮುಚ್ಚುವ ಪ್ಯಾಚ್ ಮಾರ್ಚಿನಲ್ಲೇ ಬಂದಿತ್ತು, ಹಾಕದವರೆಲ್ಲಾ ಸಿಕ್ಕಿಬಿದ್ದರು. ಅದೇ ವರ್ಷ ವಿಂಡೋಸ್ 10ರ 1709 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ಹೊರಗೆ ಹಾಕತೊಡಗಿತು. ನಾನು ನೋಡಿಕೊಳ್ಳುವ ಒಂದು ಆಫೀಸಿನಲ್ಲಿ ಬೇರೆ ಯಾರೋ ಬಂದು ಎಸ್‌ಎಂಬಿ 1 ಹಾಕಿಟ್ಟು ಹೋಗಿದ್ದರು. ಒಂದು ಬೆಳಿಗ್ಗೆ ಶೇರ್ ಫೋಲ್ಡರಿನ ಎಲ್ಲಾ ಫೈಲಿನ ಹೆಸರಿಗೂ ಬೇರೆಯೇ ಬಾಲ ಬಂದಿತ್ತು, ಒಂದೂ ತೆರೆಯಲಿಲ್ಲ. ಬ್ಯಾಕಪ್ ಡಿಸ್ಕ್ ಕೂಡ ಅದೇ ಸರ್ವರಿಗೆ ಚುಚ್ಚಿ ಇತ್ತು, ಅದೂ ಹೋಯಿತು. ಹುಡುಗಿಯರು ಕಾಗದದ ವೋಚರ್ ನೋಡಿ ಎಲ್ಲವನ್ನೂ ಮೊದಲಿನಿಂದ ಹೊಡೆದರು. ಅದನ್ನು ಕಣ್ಣಾರೆ ನೋಡಿದ ಮೇಲೆ ಈ ಸಲಹೆ ಓದಿದರೆ ಸಿಟ್ಟು ಬರುತ್ತದೆ.

ಇನ್ನೊಂದು. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದ ಮೇಲೆ ಪ್ರೊ ಆವೃತ್ತಿಯಲ್ಲಿ ಎಸ್‌ಎಂಬಿ ಸೈನಿಂಗ್ (ಬರುವ ಡೇಟಾ ಅಸಲಿಯೇ ಎಂದು ಪರೀಕ್ಷಿಸುವುದು) ಕಡ್ಡಾಯ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಬಂದ್. ಹಳೆ ನಾಸ್ ಇದ್ದವರಿಗೆ ಫೋಲ್ಡರ್ ತೆರೆಯುವುದೇ ಇಲ್ಲ. ಸೈನಿಂಗ್ ಆಫ್ ಮಾಡುವ ದಾರಿ ಹುಡುಕಬೇಡಿ. ನಾಸ್‌ನಲ್ಲಿ ಪಾಸ್‌ವರ್ಡ್ ಇರುವ ಯೂಸರ್ ಮಾಡಿ, ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ.

ಕುಂದಾಪುರ ದಸ್ತಾವೇಜು:
ಉಡುಪಿಯವರೇ, ಸಿಟ್ಟು ಮಾಡಿಕೊಂಡರೆ ನನ್ನ 1,10,000 ಯಾರು ಕೊಡುತ್ತಾರೆ? ನಮ್ಮ ಮೆಷಿನ್ನಿಗೆ ಹೊಸ ಫರ್ಮ್‌ವೇರ್ ಬರುವುದು ನಿಂತೇ ಹೋಗಿದೆ. ಕೆಲಸ ನಡೆಯಬೇಕಲ್ವಾ?

ಉಡುಪಿ ಸಿಸ್ಟಮ್ಸ್:
ಮೆನು ತೆಗೆದು ನೋಡಿ, ಎಫ್‌ಟಿಪಿ (ಫೈಲ್ ಕಳಿಸುವ ಇನ್ನೊಂದು ದಾರಿ) ಅಥವಾ ಇಮೇಲ್‌ಗೆ ಸ್ಕ್ಯಾನ್ ಕಳಿಸುವುದು ಇರಬಹುದು. ಅದೂ ಇಲ್ಲ ಎಂದರೆ ಪೆನ್ ಡ್ರೈವ್. ಜನರ ಆಸ್ತಿ ಪತ್ರ ಇಟ್ಟುಕೊಂಡಿರುವ ಆಫೀಸು ನಿಮ್ಮದು.

ಕೊಡಿಯಾಲ್‌ಬೈಲ್ ತೆರಿಗೆ ಆಫೀಸು:
ಎಲ್ಲರಿಗೂ ಧನ್ಯವಾದ. ಆದರೆ ನಮ್ಮಲ್ಲಿ ಕಾಪಿ ಬೇಗ ಆಗುತ್ತದೆ, ತೆರೆಯುವುದು ಮಾತ್ರ ತಡ. ಅದೂ ಒಂದೇ ಕಂಪ್ಯೂಟರಿನಲ್ಲಿ.

ಬಂದರು ಕ್ಲಿಯರಿಂಗ್:
ಒಂದೇ ಕಂಪ್ಯೂಟರ್ ಎಂದರೆ ಅದರ ಕೇಬಲ್ಲೇ. ಎಎಂಸಿಯವರನ್ನು ಮಾತ್ರ ಕರೆಯಬೇಡಿ.

ಉಡುಪಿ ಸಿಸ್ಟಮ್ಸ್:
ಎಎಂಸಿ ಮಾಡುವವರೆಲ್ಲಾ ಕಳ್ಳರಲ್ಲ ಸರ್. ವರ್ಷಕ್ಕೆ 12,000 ಕೊಟ್ಟು ರಾತ್ರಿ ಹನ್ನೊಂದಕ್ಕೂ ಫೋನ್ ಮಾಡುತ್ತಾರೆ. ಪ್ರಿಂಟರಿಗೆ ಪೇಪರ್ ಸಿಕ್ಕಿಕೊಂಡರೂ ನಾವೇ ಬರಬೇಕು. ಕೇಬಲ್ ಎಳೆದವರು ಬೇರೆ, ಬೈಗುಳ ತಿನ್ನುವವರು ನಾವು.

ಬೈಕಂಪಾಡಿ ಸ್ಟೋರ್ಸ್:
ನಮ್ಮ ಫ್ಯಾಕ್ಟರಿಯ ಸ್ಟೋರ್ಸ್ ವಿಭಾಗ ನೋಡಿಕೊಳ್ಳುವವಳು ನಾನು. ನಮ್ಮಲ್ಲೂ ಸರ್ವರ್ ಬದಲಾದ ಮೇಲೆಯೇ ಶುರುವಾದದ್ದು. ಹಳೆ ಸರ್ವರಿಗೆ ಮ್ಯಾಪ್ ಮಾಡಿದ್ದ (ಅಕ್ಷರ ಕೊಟ್ಟು ಜೋಡಿಸಿಟ್ಟ) ಡ್ರೈವ್ ನನ್ನ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಕ್ವಿಕ್ ಆಕ್ಸೆಸ್‌ನಲ್ಲಿ ಪಿನ್ ಮಾಡಿದ ಫೋಲ್ಡರುಗಳೂ ಅದರದ್ದೇ. ಎಕ್ಸ್‌ಪ್ಲೋರರ್ ತೆರೆದಾಗಲೆಲ್ಲಾ ಇಲ್ಲದ ಆ ಸರ್ವರನ್ನು ಕರೆದು, ಉತ್ತರಕ್ಕೆ ಕಾದು, ಆಮೇಲೆ ಹೊಸದಕ್ಕೆ ಬರುತ್ತಿತ್ತು. ಸಿಎಂಡಿಯಲ್ಲಿ (ಕಮಾಂಡ್ ಹೊಡೆಯುವ ಕಪ್ಪು ಕಿಟಕಿ) 'ನೆಟ್ ಯೂಸ್' ಎಂದು ಹೊಡೆದರೆ ಎಲ್ಲಾ ಡ್ರೈವಿನ ಪಟ್ಟಿ ಬರುತ್ತದೆ. 'ಅನ್‌ಅವೈಲೆಬಲ್' ಎಂದು ಕಂಡದ್ದನ್ನು ಡಿಸ್ಕನೆಕ್ಟ್ ಮಾಡಿದೆ, ಪಿನ್‌ಗಳನ್ನು ತೆಗೆದೆ. ಎಕ್ಸೆಲ್ ಮಾತ್ರ ಮತ್ತೂ ತಡ ಮಾಡಿತು. ಅದು ತೆರೆಯುವಾಗ ಹುಡುಕುವ ಡಿಫಾಲ್ಟ್ ಪ್ರಿಂಟರ್ ಕೂಡ ಹಳೆ ಸರ್ವರಿನದ್ದೇ ಆಗಿತ್ತು! ಅದನ್ನೂ ಬದಲಾಯಿಸಿದೆ. ಒಂದು ರೂಪಾಯಿ ಖರ್ಚಿಲ್ಲ. ಅದಕ್ಕೆ ಮೊದಲು ನನ್ನದು ನಿಧಾನ ಕೆಲಸ ಎಂದು ಮ್ಯಾನೇಜರ್ ಎಲ್ಲರ ಎದುರು ಹೇಳಿದ್ದರು. ಆ ಮಾತು ನಾನು ಮರೆತಿಲ್ಲ.

ಡ್ರೈವ್ ಸರಿ ಇದ್ದರೆ ಸರ್ವರಿನ ಹೆಸರಿನ ಬದಲು ಐಪಿ ನಂಬರ್ (ನೆಟ್‌ವರ್ಕಿನಲ್ಲಿ ಅದರ ವಿಳಾಸ) ಹಾಕಿ ತೆರೆದು ನೋಡಿ. ಆಗ ತಕ್ಷಣ ತೆರೆದರೆ ಹೆಸರು ಹುಡುಕುವಲ್ಲೇ ತಡ ಆಗುತ್ತಿದೆ ಎಂದು ಅರ್ಥ. ಆ ಕಂಪ್ಯೂಟರಿನ ಡಿಎನ್‌ಎಸ್‌ನಲ್ಲಿ (ಹೆಸರಿನಿಂದ ಐಪಿ ಹುಡುಕಿ ಕೊಡುವುದು) ಯಾರಾದರೂ ಗೂಗಲ್‌ನ 8.8.8.8 ಹಾಕಿದ್ದಾರಾ ನೋಡಿ. ನಿಮ್ಮ ಆಫೀಸಿನೊಳಗಿನ ಸರ್ವರಿನ ಹೆಸರು ಅದಕ್ಕೆ ಗೊತ್ತಿರುವುದಿಲ್ಲ.

ಮಣಿಪಾಲ ಫೋಟೋ ಲ್ಯಾಬ್:
ನಾಸ್ ಇದ್ದರೆ ಇದೆಲ್ಲಾ ತಲೆಬಿಸಿ ಇಲ್ಲ.

ಬೈಕಂಪಾಡಿ ಸ್ಟೋರ್ಸ್:
ಸರ್, ನಾಸ್‌ಗೂ ಹೆಸರು, ಐಪಿ ಎಲ್ಲಾ ಇದೆ. ಸತ್ತ ಡ್ರೈವ್ ಇಟ್ಟುಕೊಂಡರೆ ಅಲ್ಲಿಯೂ ಹೀಗೇ ಆಗುತ್ತದೆ.

ಬಂದರು ಕ್ಲಿಯರಿಂಗ್:
ನಾಸ್ ಇಟ್ಟವರು ಸಿಡಿಲಿಗೆ ಎಂತ ಮಾಡಿದ್ದೀರಿ? ನಮ್ಮಲ್ಲಿ ಆಫೀಸಿನಿಂದ ಗೋಡೌನ್‌ಗೆ ಹೊರಗಿನಿಂದ ಕೇಬಲ್ ಎಳೆದಿದ್ದೆವು. ತುಲಾ ಮಾಸದ ಒಂದು ಸಂಜೆ ಸಿಡಿಲು ಬಡಿದು ನೆಟ್‌ವರ್ಕ್ ಸ್ವಿಚ್ ಸುಟ್ಟಿತು, 4,600. ಎರಡು ಕಂಪ್ಯೂಟರಿನ ಲ್ಯಾನ್ ಪೋರ್ಟ್ ಹೋಯಿತು, ಕಾರ್ಡಿಗೆ 750ರಂತೆ 1,500. ಯುಪಿಎಸ್‌ಗೆ ಏನೂ ಆಗಲಿಲ್ಲ. ಬಂದದ್ದು ಕರೆಂಟಿನ ದಾರಿಯಲ್ಲಲ್ಲ, ಆ ಕೇಬಲಿನಲ್ಲಿ.

ಮಣಿಪಾಲ ಫೋಟೋ ಲ್ಯಾಬ್:
ಗುಡುಗು ಶುರುವಾದರೆ ನಾವು ಪ್ಲಗ್ ತೆಗೆದಿಡುತ್ತೇವೆ.

ಉಡುಪಿ ಸಿಸ್ಟಮ್ಸ್:
ರಾತ್ರಿ ಗುಡುಗಿದರೆ ಯಾರು ತೆಗೆಯುತ್ತಾರೆ? ಎರಡು ಕಟ್ಟಡದ ನಡುವೆ ತಾಮ್ರದ ಕೇಬಲ್ ಎಳೆಯಲೇಬಾರದು. ಫೈಬರ್ ಹಾಕಿ, ಎರಡು ತುದಿಗೆ ಬೆಳಕನ್ನು ಕೇಬಲಿನ ಸಿಗ್ನಲ್ ಮಾಡುವ ಮೀಡಿಯಾ ಕನ್ವರ್ಟರ್. ಒಳಗಿರುವುದು ಗಾಜು, ಕರೆಂಟ್ ಹರಿಯುವುದಿಲ್ಲ. ಒಳಗೆ ಕಬ್ಬಿಣದ ತಂತಿ ಇಲ್ಲದ್ದನ್ನೇ ಕೇಳಿ ತಗೊಳ್ಳಿ.

ಕೊಡಿಯಾಲ್‌ಬೈಲ್ ತೆರಿಗೆ ಆಫೀಸು:
ಬೈಕಂಪಾಡಿ ಮೇಡಂ ಹೇಳಿದ ಹಾಗೆ ಮಾಡಿದೆವು. ಹಳೆ ಸರ್ವರಿನ ಎರಡು ಡ್ರೈವ್ ಇತ್ತು, ಪ್ರಿಂಟರ್ ಕೂಡ. ತೆಗೆದ ಮೇಲೆ ಕ್ಲಿಕ್ ಮಾಡಿದ ಕೂಡಲೇ ತೆರೆಯುತ್ತದೆ. ತುಂಬಾ ಉಪಕಾರ ಆಯಿತು.

ಬಂದರು ಕ್ಲಿಯರಿಂಗ್:
ಸಂತೋಷ. ಆದರೂ ಆ ಪ್ಲಗ್ ಒಮ್ಮೆ ಕಿತ್ತು ನೋಡಿ. ಉಡುಪಿಯವರೇ, ಫೈಬರ್ ಮೀಟರಿಗೆ ಎಷ್ಟು ಬೀಳುತ್ತದೆ? ತುದಿ ಜೋಡಿಸುವ ಕೂಲಿ ಬೇರೆಯಾ?

ಉಡುಪಿ ಸಿಸ್ಟಮ್ಸ್:
ಗೋಡೌನ್ ಎಷ್ಟು ದೂರ ಎಂದು ಹೇಳಿ. ಕೂಲಿ ಬೇರೆ.