ಆಯಿಲ್ ಬೇಸ್ಡ್ ಮಡ್ ಸಮುದ್ರಕ್ಕೆ ಸುರಿಯೋದು ನಿಂತಿದೆ, ಇನ್ನೇನು ತೊಂದರೆ?

ಸುರತ್ಕಲ್_ಹುಡುಗ:
ಕೆಮಿಕಲ್ ಇಂಜಿನಿಯರಿಂಗ್ ಕೊನೇ ವರ್ಷ. ಮಡ್ ಇಂಜಿನಿಯರ್ ಕೆಲಸಕ್ಕೆ ಹೋಗೋಣ ಅಂತಿದ್ದೇನೆ (ಮಡ್ ಅಂದ್ರೆ ಬಾವಿ ಕೊರೆಯುವಾಗ ಪೈಪಿನಲ್ಲಿ ಕೆಳಗೆ ಬಿಡುವ ಕೆಸರಿನಂಥ ದ್ರವ, ಅದೇ ಕಲ್ಲಿನ ಚೂರನ್ನು ಮೇಲೆ ತರುತ್ತದೆ). ನಮ್ಮ ಕಡೆ ಬೋರ್‌ವೆಲ್ ಕೊರೆಯುವಾಗ ಕಂಪ್ರೆಸರ್ ಗಾಳಿಗೇ ಕಲ್ಲಿನ ಪುಡಿ ಮೇಲೆ ಬರುತ್ತದೆ, ಪೆಟ್ರೋಲಿಯಂ ಬಾವಿಗೆ ಮಾತ್ರ ಎಣ್ಣೆಯ ಮಡ್ ಯಾಕೆ ಬೇಕು? ನಾರ್ತ್ ಸೀಯಲ್ಲಿ ಇದನ್ನು ಸಮುದ್ರಕ್ಕೆ ಬಿಡೋದನ್ನು ಯಾವಾಗಲೋ ನಿಲ್ಲಿಸಿದ್ದಾರಂತೆ. ಹಾಗಾದ್ರೆ ಸಮಸ್ಯೆ ಮುಗೀತು ಅಲ್ವಾ?

ಅಬರ್ಡೀನ್_ಕನ್ನಡಿಗ:
ಬೋರ್‌ವೆಲ್ ಗಟ್ಟಿ ಕಲ್ಲಲ್ಲಿ, ಕೆಲವು ನೂರು ಅಡಿ. ಇಲ್ಲಿ ನಾರ್ತ್ ಸೀಯಲ್ಲಿ ಕಿಲೋಮೀಟರ್‌ಗಟ್ಟಲೆ ಶೇಲ್ (ಜೇಡಿ ಗಟ್ಟಿಯಾಗಿ ಆದ ಪದರಗಲ್ಲು) ದಾಟಬೇಕು. ಶೇಲ್‌ಗೆ ನೀರು ತಾಗಿದರೆ ಅದರ ಜೇಡಿ ಉಬ್ಬುತ್ತದೆ, ಬಾವಿಯ ಗೋಡೆ ಕುಸಿಯುತ್ತದೆ, ಪೈಪ್ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಎಣ್ಣೆ. ಅದೂ ಬರೀ ಎಣ್ಣೆ ಅಲ್ಲ, ಕ್ಯಾಲ್ಸಿಯಂ ಕ್ಲೋರೈಡ್ ಬೆರೆತ ನೀರಿನ ಸಣ್ಣ ಹನಿಗಳು ಎಣ್ಣೆಯೊಳಗೆ ಇರುತ್ತವೆ, ಎಣ್ಣೆ-ನೀರು ಬೇರೆಯಾಗದಂತೆ ಹಿಡಿಯುವ ಎಮಲ್ಸಿಫೈಯರ್, ಸುಣ್ಣ, ತೂಕಕ್ಕೆ ಬರೈಟ್ ಅನ್ನೋ ಭಾರದ ಖನಿಜ ಎಲ್ಲ ಸೇರಿ ಮಡ್ ಆಗುತ್ತದೆ.

ಮುಗೀತಾ ಅಂದ್ರೆ, ಅರ್ಧ ಮಾತ್ರ. 70ರ ದಶಕದಲ್ಲಿ ಇಲ್ಲಿ ಡೀಸೆಲ್ ಮಡ್ಡೇ ಬಳಸುತ್ತಿದ್ದರು. ಮಡ್ಡನ್ನು ತಿರುಗಿ ಬಳಸುತ್ತಾರೆ, ಆದರೆ ಕೊರೆದು ಬಂದ ಕಲ್ಲಿನ ಚೂರಿಗೆ ಎಣ್ಣೆ ಅಂಟಿಕೊಂಡಿರುತ್ತದೆ, ತೂಕದಲ್ಲಿ ಶೇ 10-15ರಷ್ಟು ಇರುವುದೂ ಸಾಮಾನ್ಯವಾಗಿತ್ತು. ಅದನ್ನು ಹಾಗೇ ಪ್ಲಾಟ್‌ಫಾರ್ಮ್ ಕೆಳಗೆ ಸುರಿದರು. ನೀರಿನ ಮಡ್ಡಿನ ಚೂರು ಚದುರಿ ಹೋಗುತ್ತದೆ. ಎಣ್ಣೆ ಹತ್ತಿದ್ದು ಗಂಟುಗಂಟಾಗಿ ನೇರ ಕೆಳಗಿಳಿದು ರಾಶಿಯಾಗುತ್ತದೆ. ನಾರ್ವೆಯ ಎಕೋಫಿಸ್ಕ್ ತೈಲಕ್ಷೇತ್ರದ ಸುತ್ತ ಕೆಲವು ಕಿಲೋಮೀಟರ್ ದೂರದವರೆಗೂ ತಳದ ಜೀವಿಗಳಲ್ಲಿ ವ್ಯತ್ಯಾಸ ಕಂಡುಬಂದಿತ್ತು. ಆಮೇಲೆ ಓಸ್ಪಾರ್ ಒಪ್ಪಂದದ (ಈಶಾನ್ಯ ಅಟ್ಲಾಂಟಿಕ್ ಸಮುದ್ರ ಕಾಪಾಡಲು ಯುರೋಪಿನ ದೇಶಗಳು ಮಾಡಿಕೊಂಡದ್ದು) 2000/3 ತೀರ್ಮಾನ ಬಂತು, ಒಣ ಚೂರಿನಲ್ಲಿ ಶೇ 1ಕ್ಕಿಂತ ಜಾಸ್ತಿ ಎಣ್ಣೆ ಇದ್ದರೆ ಸಮುದ್ರಕ್ಕೆ ಬಿಡುವಂತಿಲ್ಲ ಅಂತ.

ಶೇಕರ್_ಪಕ್ಕ:
ಮುಂಬೈ ಆಫ್‌ಶೋರ್‌ನಲ್ಲಿದ್ದೆ. ಸಮುದ್ರದ ಬಗ್ಗೆ ಎಲ್ಲರೂ ಮಾತಾಡ್ತಾರೆ, ಶೇಕರ್ (ಮಡ್ಡಿನಿಂದ ಚೂರು ಬೇರ್ಪಡಿಸುವ ಅಲುಗಾಡುವ ಜರಡಿ) ಹತ್ತಿರ ನಿಲ್ಲೋರ ಬಗ್ಗೆ ಯಾರೂ ಕೇಳಲ್ಲ. ಬಿಸಿ ಮಡ್ ಜರಡಿ ಮೇಲೆ ಬೀಳುವಾಗ ಆವಿ ಮುಖಕ್ಕೇ ಹೊಡೆಯುತ್ತದೆ. ಗ್ಲೌಸ್ ಒಳಗೆ ಒಂದು ಸಲ ಮಡ್ ಹೋಯಿತು ಅಂದ್ರೆ ಸಂಜೆ ಹೊತ್ತಿಗೆ ಚರ್ಮ ಕೆಂಪಾಗಿ ಬಿರಿಯುತ್ತದೆ. ನಮ್ಮಲ್ಲಿ 2005ರ ನಿಯಮದಲ್ಲಿ ಡೀಸೆಲ್ ಮಡ್ ನಿಷೇಧ ಆಗಿದೆ, ಅದು ಒಳ್ಳೇದೇ. ನೀನು ಕೆಲಸಕ್ಕೆ ಸೇರಿದರೆ ಮೊದಲು ಶೇಕರ್ ಹೌಸ್‌ನ ಫ್ಯಾನ್ ಸರಿಯಾಗಿ ಓಡ್ತಿದೆಯಾ ನೋಡು, ಲ್ಯಾಬ್ ಆಮೇಲೆ.

ಸುರತ್ಕಲ್_ಹುಡುಗ:
ಥ್ಯಾಂಕ್ಸ್ ಇಬ್ಬರಿಗೂ. ಇನ್ನೆರಡು ಪ್ರಶ್ನೆ. ಡೀಸೆಲ್ ಬದಲು ಬೇಗ ಕೊಳೆಯುವ ಎಸ್ಟರ್ (ಸಸ್ಯದೆಣ್ಣೆಯಂಥವುಗಳಿಂದ ಮಾಡುವ ದ್ರವ) ಬಳಸಿದರೆ ಸುರಿದರೂ ಪರವಾಗಿಲ್ಲ ಅಲ್ವಾ? ಆ ಹಳೇ ರಾಶಿಗಳನ್ನು ಯಾಕೆ ಎತ್ತಿಲ್ಲ?

ಅಬರ್ಡೀನ್_ಕನ್ನಡಿಗ:
ಎಸ್ಟರ್ ಪ್ರಯೋಗ 90ರ ದಶಕದಲ್ಲೇ ಆಯಿತು. ಬೇಗ ಕೊಳೆಯುತ್ತದೆ, ನಿಜ, ಆದರೆ ಕೊಳೆಯುವಾಗ ತಳದ ಆಕ್ಸಿಜನ್ ಅನ್ನೂ ಅಷ್ಟೇ ಬೇಗ ತಿಂದು ಮುಗಿಸುತ್ತದೆ, ಅಲ್ಲಿನ ಹುಳಹುಪ್ಪಟೆಗೆ ಉಸಿರಿಲ್ಲ. ಎಸ್ಟರ್‌ನಂಥ ತಯಾರಿಸಿದ ದ್ರವದ ಸಿಂಥೆಟಿಕ್ ಮಡ್ಡಿನ ಚೂರನ್ನೂ ಇಲ್ಲಿ ತೀರಾ ಅಪರೂಪದ ಸಂದರ್ಭ ಬಿಟ್ಟರೆ ಸಮುದ್ರಕ್ಕೆ ಬಿಡುವಂತಿಲ್ಲ. ಅಮೆರಿಕದ ಗಲ್ಫ್ ಆಫ್ ಮೆಕ್ಸಿಕೋದಲ್ಲಿ ಲೆಕ್ಕ ಬೇರೆ, ಸಿಂಥೆಟಿಕ್ ಚೂರನ್ನು ಕೆಲವು ಷರತ್ತಿನ ಮೇಲೆ ಬಿಡಬಹುದು. ಇಲ್ಲಿ ಚೂರನ್ನು ಪೆಟ್ಟಿಗೆಗೆ ತುಂಬಿ ದಡಕ್ಕೆ ತರುತ್ತಾರೆ, ಹ್ಯಾಮರ್ ಮಿಲ್‌ಗೆ ಹಾಕಿ ತಿಕ್ಕಾಟದ ಶಾಖದಲ್ಲೇ ಎಣ್ಣೆ ಆವಿ ಮಾಡಿ ತೆಗೆಯುತ್ತಾರೆ. ಉಳಿದ ಎಣ್ಣೆ ಎಷ್ಟು ಅಂತ ರಿಟಾರ್ಟ್‌ನಲ್ಲಿ ನೋಡೋದು: ಸಣ್ಣ ಕಪ್ಪಿನಲ್ಲಿ ಚೂರು ತುಂಬಿ ಕಾಯಿಸಿದರೆ ಗಾಜಿನ ಕೊಳವೆಗೆ ಹನಿಹನಿಯಾಗಿ ಇಳಿಯುತ್ತದೆ, ಕೆಳಗೆ ನೀರು, ಮೇಲೆ ಎಣ್ಣೆ, ಗೆರೆ ನೋಡಿ ಓದಿಕೊಳ್ಳೋದು. ನಿನ್ನ ಮೊದಲ ಕೆಲಸ ಅದೇ ಆಗಬಹುದು. ಆದರೆ ಹಡಗಿನ ಡೀಸೆಲ್ಲು, ಮಿಲ್ಲಿನ ಕರೆಂಟು ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಯಾವುದೂ ಪುಕ್ಕಟೆ ಅಲ್ಲ.

ಹಳೇ ರಾಶಿಯ ವಿಷಯ ಇನ್ನೂ ತಲೆನೋವು. ಒಳಗೆ ಆಕ್ಸಿಜನ್ ಹೋಗಲ್ಲ, ಹಾಗಾಗಿ ಡೀಸೆಲ್ ದಶಕಗಟ್ಟಲೆ ಹಾಗೇ ಕೂತಿರುತ್ತದೆ. ಕೆದಕಿದರೆ ಮತ್ತೆ ನೀರಿಗೆ ಬರುತ್ತದೆ. ಓಸ್ಪಾರ್ 2006ರಲ್ಲಿ ಮಿತಿ ಹಾಕಿತು, ವರ್ಷಕ್ಕೆ 10 ಟನ್‌ಗಿಂತ ಕಮ್ಮಿ ಎಣ್ಣೆ ಸೋರಿ, ಹರಡಿದ ಜಾಗ ಮತ್ತು ಉಳಿಯುವ ಕಾಲದ ಲೆಕ್ಕವೂ ಮಿತಿಯೊಳಗಿದ್ದರೆ ಮುಟ್ಟದೆ ಬಿಡಬಹುದು. ಬ್ರಿಟನ್ ಕಡೆಯ ನಾರ್ತ್ ಸೀಯ ನಾರ್ತ್ ವೆಸ್ಟ್ ಹಟನ್ ಪ್ಲಾಟ್‌ಫಾರ್ಮ್ ಕಿತ್ತಾಗಲೂ ರಾಶಿಯನ್ನು ಅಲ್ಲೇ ಬಿಟ್ಟರು. ನನಗೆ ಅದು ಸರಿ ಅನ್ನಿಸುತ್ತದೆ, ಆದರೆ ಸರಿ ಅನ್ನಿಸೋದಕ್ಕೂ ಅಗ್ಗ ಆಗೋದಕ್ಕೂ ಇಷ್ಟು ಚೆನ್ನಾಗಿ ಹೊಂದಿಕೊಂಡರೆ ಸ್ವಲ್ಪ ಅನುಮಾನ ಪಡಬೇಕು. ಬ್ರಿಟನ್ ಕಾನೂನಿನ ಪ್ರಕಾರ ಬಿಟ್ಟುಹೋದದ್ದರ ಹೊಣೆ ಕಂಪನಿಯ ಮೇಲೆ ಶಾಶ್ವತವಾಗಿ ಇರುತ್ತದೆ. ಕಂಪನಿಯೇ ಮುಚ್ಚಿದರೆ ಏನು ಅಂತ ಇಂಟರ್‌ವ್ಯೂನಲ್ಲಿ ಮಾತ್ರ ಕೇಳಬೇಡ.