ಅಪ್‌ಡೇಟ್: ಲ್ಯಾಬ್‌ನ ಗಡಿಯಾರಗಳು ಕೊನೆಗೂ ಹೊಂದಿಕೊಂಡವು
ಇಂಟರ್ನೆಟ್ ಇಲ್ಲದ ನಮ್ಮ ಲ್ಯಾಬ್‌ನ 12 ಲಿನಕ್ಸ್ ಕಂಪ್ಯೂಟರ್‌ಗಳ ಗಡಿಯಾರಗಳು ಒಂದಕ್ಕೊಂದು ಹೊಂದದೆ, ಹಂಚಿಕೆಯ ಫೋಲ್ಡರ್‌ನ ಕಡತಗಳಲ್ಲಿ ಮುಂದಿನ ಸಮಯ ನಮೂದಾಗಿದೆ ಎಂದು ‘ಮೇಕ್’ (ಕಡತಗಳ ಸಮಯ ನೋಡಿ ಪ್ರೋಗ್ರಾಂ ಕಟ್ಟುವ ಸಾಧನ) ಎಚ್ಚರಿಸುತ್ತಿದ್ದುದರ ಬಗ್ಗೆ ಹಿಂದೆ ಕೇಳಿದ್ದೆ, ಅದೀಗ ಬಗೆಹರಿದಿದೆ.

ಒಂದು ಯಂತ್ರವನ್ನು ಕ್ರೋನಿ (ಜಾಲದ ಮೂಲಕ ಗಡಿಯಾರ ಹೊಂದಿಸುವ ತಂತ್ರಾಂಶ) ಸರ್ವರ್ ಆಗಿಸಿ, ಅದರ ಸಂರಚನಾ ಕಡತದ ‘ಅಲೌ’ ಸಾಲಿನಿಂದ ನಮ್ಮ ಸಬ್‌ನೆಟ್‌ಗೆ, ಅಂದರೆ ಲ್ಯಾಬ್‌ನ ಜಾಲಕ್ಕೆ, ಅನುಮತಿ ಕೊಟ್ಟು, ಫೈರ್‌ವಾಲ್‌ನಲ್ಲಿ ಸಮಯದ ಸಂದೇಶಗಳು ಬರುವ ಯುಡಿಪಿ 123ನೇ ಪೋರ್ಟ್ ತೆರೆದ ಮೇಲೂ ಉಳಿದ ಯಂತ್ರಗಳು ಅದನ್ನು ಅನುಸರಿಸಲಿಲ್ಲ. ನಾನು ಎರಡು ದಿನ ಜಾಲದಲ್ಲೇ ದೋಷ ಹುಡುಕಿದೆ, ಆದರೆ ದೋಷ ಅಲ್ಲಿರಲಿಲ್ಲ. ತನಗೇ ಸಮಯದ ಮೂಲವಿಲ್ಲದ ಸರ್ವರ್, ತಾನು ಹೊಂದಾಣಿಕೆಯಾಗಿಲ್ಲವೆಂದು ಉತ್ತರಿಸುತ್ತದೆ. ಕ್ಲೈಂಟ್‌ಗಳು, ಅಂದರೆ ಸಮಯ ಕೇಳುವ ಉಳಿದ ಯಂತ್ರಗಳು, ಅಂತಹ ಉತ್ತರವನ್ನು ನಂಬುವುದಿಲ್ಲ, ಅದು ಸರಿಯೂ ಹೌದು. ಹೊರಗಿನ ಮೂಲವಿಲ್ಲದಿದ್ದರೂ ತನ್ನ ಗಡಿಯಾರದ ಸಮಯವನ್ನೇ ಕೊಡು ಎಂದು ಸರ್ವರ್‌ಗೆ ಹೇಳುವ ‘ಲೋಕಲ್ ಸ್ಟ್ರೇಟಮ್ 10’ ಎಂಬ ಸಾಲನ್ನು ಅದರಲ್ಲಿ ಸೇರಿಸಿದೊಡನೆ ಎಲ್ಲವೂ ಹೊಂದಿಕೊಂಡವು, ಎಚ್ಚರಿಕೆಗಳೂ ನಿಂತವು.

ಸರ್ವರ್‌ನ ಗಡಿಯಾರ ಈಗಲೂ ನಿಜವಾದ ಸಮಯದಿಂದ ನಿಧಾನವಾಗಿ ಸರಿಯುತ್ತದೆಯಾದ್ದರಿಂದ, ಮುಂದೆ ಅದಕ್ಕೆ ಉಪಗ್ರಹಗಳಿಂದ ನಿಖರ ಸಮಯ ಪಡೆಯುವ ಜಿಪಿಎಸ್ ರಿಸೀವರ್ ಜೋಡಿಸಲಿದ್ದೇನೆ.