ಸಹಾಯ ಬೇಕು: ಬ್ರಿಜ್ ಹಾಕಿಸಿದ ಹಲ್ಲಿಗೆ ಫ್ಲಾಸ್ ಹೇಗೆ?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಕೆಳಗಿನ ದವಡೆಯಲ್ಲಿ ಮೂರು ಹಲ್ಲಿನ ಬ್ರಿಜ್ (ಹೋದ ಹಲ್ಲಿನ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಕೃತಕ ಹಲ್ಲು) ಇದೆ. ಸೊಪ್ಪಿನ ನಾರು, ತೆಂಗಿನ ತುರಿ ಅದರಡಿ ಸಿಕ್ಕಿಕೊಳ್ಳುತ್ತದೆ. ಪಿನ್ನು ಹಾಕಿ ಚುಚ್ಚುತ್ತಾರೆ, ಎಷ್ಟು ಹೇಳಿದರೂ ಕೇಳುವುದಿಲ್ಲ!

ಉಳಿದ ಹಲ್ಲುಗಳಿಗೆ ಫ್ಲಾಸ್ (ಹಲ್ಲಿನ ಸಂದಿ ಶುಚಿ ಮಾಡುವ ದಾರ) ಬಳಸುವುದನ್ನು ಕಲಿಸಿದ್ದೇನೆ. ಸುಮಾರು 45 ಸೆಂ.ಮೀ. ದಾರವನ್ನು ನಡುಬೆರಳುಗಳಿಗೆ ಸುತ್ತಿ, ಹಲ್ಲನ್ನು ಅಪ್ಪಿದಂತೆ ಬಾಗಿಸಿ, ಒಸಡಿನ ಅಂಚಿನವರೆಗೂ ಮೆಲ್ಲಗೆ ಮೇಲೆ ಕೆಳಗೆ ಉಜ್ಜುವುದು. ಬ್ರಿಜ್‌ನ ಹಲ್ಲುಗಳು ಒಂದಕ್ಕೊಂದು ಅಂಟಿರುತ್ತವೆ ಅಲ್ವಾ, ಅಲ್ಲಿ ದಾರ ಮೇಲಿನಿಂದ ಇಳಿಯುವುದಿಲ್ಲ. ಪಕ್ಕದಿಂದ ತೂರಿಸಬೇಕು. ತುದಿ ಗಟ್ಟಿಯಿರುವ ಸೂಪರ್‌ಫ್ಲಾಸ್ ಇಲ್ಲವೇ ಇಂಟರ್‌ಡೆಂಟಲ್ ಬ್ರಷ್ (ಹಲ್ಲಿನ ಸಂದಿಗೆ ತೂರಿಸುವ ಪುಟ್ಟ ಬ್ರಷ್) ತನ್ನಿ ಅಂದರು ಡೆಂಟಿಸ್ಟ್.

ಅಮ್ಮನಿಗೆ ಬೆರಳಿನ ಗಂಟು ನೋವು ಬೇರೆ. ವಯಸ್ಸಾದವರ ಕೈಗೆ ಇವೆರಡರಲ್ಲಿ ಯಾವುದು ಸುಲಭ? ಬ್ರಷ್ ಆದರೆ ಯಾವ ಅಳತೆಯದು ತೆಗೆದುಕೊಂಡಿರಿ? ಬಳಸಿದವರು ದಯವಿಟ್ಟು ತಿಳಿಸಿ.